ಗಿಫ್ಟೆಡ್ ಪಟ್ಟಿಯಲ್ಲಿ ಮಗಳ ಹೆಸರಿಲ್ಲ: ಶಾಲೆಯನ್ನು ಏನು ಕೇಳಬೇಕು?

ಪ್ರಶ್ನೆ: ನಾವು ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಕುಟುಂಬ. ಮಗಳು ಪಬ್ಲಿಕ್ (ಸರ್ಕಾರಿ) ಶಾಲೆಯಲ್ಲಿ ಎರಡನೆಯ ತರಗತಿ ಓದುತ್ತಿದ್ದಾಳೆ. ಈ ಚಳಿಗಾಲದಲ್ಲಿ ಅವರ ತರಗತಿಯ ಎಲ್ಲ ಮಕ್ಕಳಿಗೂ ತರ್ಕಶಕ್ತಿ ಅಳೆಯುವ ಕಾಗ್ಯಾಟ್ ಪರೀಕ್ಷೆ ನಡೆಯಿತು. ಅವಳಿಗೆ ಒಟ್ಟಾರೆ 94ನೆಯ ಪರ್ಸೆಂಟೈಲ್ ಬಂದಿದೆ. ಗಣಿತದ ಭಾಗದಲ್ಲಿ 98, ಆಕೃತಿಗಳ ಭಾಗದಲ್ಲಿ 90, ಭಾಷೆಯ ಭಾಗದಲ್ಲಿ 81. ನಮ್ಮ ಸ್ಕೂಲ್ ಡಿಸ್ಟ್ರಿಕ್ಟ್ (ಇಲ್ಲಿನ ಸರ್ಕಾರಿ ಶಾಲೆಗಳ ಸ್ಥಳೀಯ ಆಡಳಿತ) ಗಿಫ್ಟೆಡ್, ಅಂದರೆ ಪ್ರತಿಭಾವಂತ ಮಕ್ಕಳ, ಕಾರ್ಯಕ್ರಮಕ್ಕೆ 97 ಕೇಳುವುದರಿಂದ ಅವಳ ಹೆಸರು ಪಟ್ಟಿಯಲ್ಲಿಲ್ಲ. ಪರಿಚಯದವರಲ್ಲಿ ಕೋಚಿಂಗ್ ಕೊಡಿಸಿದವರ ಮಕ್ಕಳು ಆಯ್ಕೆಯಾಗಿದ್ದಾರೆ. ತರಗತಿಯಲ್ಲಿ ಲೆಕ್ಕ ಬೇಗ ಮುಗಿಸಿದರೆ ಅದೇ ಥರದ ಇನ್ನೊಂದು ಹಾಳೆ ಕೊಡುತ್ತಾರಂತೆ. ಈಗೀಗ ಬೇಕೆಂದೇ ನಿಧಾನ ಮಾಡುತ್ತೇನೆ ಎನ್ನುತ್ತಾಳೆ. ನಾವು ಮೇಲ್ಮನವಿ ಸಲ್ಲಿಸಬೇಕೇ, ಖಾಸಗಿಯಾಗಿ ಪರೀಕ್ಷೆ ಮಾಡಿಸಬೇಕೇ, ಕೋಚಿಂಗ್ ಕೊಡಿಸಬೇಕೇ ಅಥವಾ ಖಾಸಗಿ ಶಾಲೆಗೆ ಸೇರಿಸಬೇಕೇ? ಮಗ ಮುಂದಿನ ವರ್ಷ ಕಿಂಡರ್‌ಗಾರ್ಟನ್ ಸೇರುತ್ತಾನೆ. ಮನೆಮಾತು ಕನ್ನಡವೆಂದು ಅರ್ಜಿಯಲ್ಲಿ ಬರೆದರೆ ಅವನಿಗೆ ಮುಂದೆ ತೊಂದರೆ ಎಂದು ಕೆಲವರು ಹೇಳುತ್ತಾರೆ, ನಿಜವೇ?

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿವೆ. ಆದರೆ ಎಲ್ಲಕ್ಕಿಂತ ಮುಖ್ಯವಾದ ಸಂಗತಿಯನ್ನು ನೀವು ಪ್ರಶ್ನೆಯಾಗಿ ಕೇಳಿಲ್ಲ, ಮಾತಿನ ನಡುವೆ ಹೇಳಿ ಮುಂದೆ ಹೋಗಿದ್ದೀರಿ. ಏಳೆಂಟು ವರ್ಷದ ಮಗುವೊಂದು ಬೇಗ ಕಲಿತದ್ದಕ್ಕೆ ಸಿಗುವುದು ಹೆಚ್ಚಿನ ದುಡಿಮೆ ಮಾತ್ರ ಎಂದು ಅರಿತು, ಬೇಕೆಂದೇ ನಿಧಾನ ಮಾಡಲು ಕಲಿತಿದೆ. ನನ್ನನ್ನು ಕಳವಳಕ್ಕೆ ಈಡುಮಾಡುವುದು 94 ಎಂಬ ಅಂಕಿಯಲ್ಲ, ಈ ಅಭ್ಯಾಸ. ಗಿಫ್ಟೆಡ್ ಕಾರ್ಯಕ್ರಮದಲ್ಲಿ ಸ್ಥಾನ ಸಿಗುವುದು ಒಂದು ವಿಷಯ, ದಿನಾ ಗಣಿತದ ತಾಸಿನಲ್ಲಿ ಅವಳಿಗೆ ತಕ್ಕ ಕೆಲಸ ಸಿಗುವುದು ಇನ್ನೊಂದು ವಿಷಯ. ಮೊದಲನೆಯದು ಸಿಕ್ಕರೂ ಎರಡನೆಯದು ಸಿಗದೆ ಹೋಗಬಹುದು. ಮೊದಲನೆಯದು ಸಿಗದಿದ್ದರೂ ಎರಡನೆಯದನ್ನು ಕೇಳಿ ಪಡೆಯಬಹುದು. ನಿಮ್ಮ ಶ್ರಮದ ಹೆಚ್ಚಿನ ಪಾಲು ಎರಡನೆಯದಕ್ಕೆ ಮೀಸಲಾಗಲಿ ಎಂಬುದು ನನ್ನ ಸಲಹೆ. ಏಕೆಂದು ವಿವರಿಸುತ್ತೇನೆ.

ಮೊದಲು ಕಾನೂನಿನ ನೆಲೆ ತಿಳಿದಿರಬೇಕು, ಇಲ್ಲವಾದರೆ ಶಾಲೆಯ ಜೊತೆಗಿನ ಮಾತುಕತೆ ದಾರಿ ತಪ್ಪುತ್ತದೆ. ಅಂಗವಿಕಲ ಮಕ್ಕಳಿಗೆ ತಕ್ಕ ಶಿಕ್ಷಣ ಕೊಡಲೇಬೇಕೆಂದು ಅಮೆರಿಕದ ಫೆಡರಲ್ (ಕೇಂದ್ರ) ಸರ್ಕಾರ 1975ರಲ್ಲಿ ಕಾನೂನು ಮಾಡಿತು. ಅಂಥ ಮಗುವಿಗೆ ಸೌಲಭ್ಯ ಸಿಗದಿದ್ದರೆ ತಂದೆತಾಯಿ ಅದನ್ನು ಹಕ್ಕಾಗಿ ಕೇಳಬಹುದು. ಪ್ರತಿಭಾವಂತ ಮಕ್ಕಳಿಗೆ ಇಂಥ ಹಕ್ಕನ್ನು ಕೊಡುವ ಫೆಡರಲ್ ಕಾನೂನು ಇಲ್ಲ. 1957ರಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿದ ಮೇಲೆ ಗಣಿತ ಮತ್ತು ವಿಜ್ಞಾನದಲ್ಲಿ ಮುಂದಿರುವ ಮಕ್ಕಳ ಕಡೆ ಈ ದೇಶದ ಗಮನ ಹರಿಯಿತು, 1972ರಲ್ಲಿ ಅಂದಿನ ಶಿಕ್ಷಣ ಕಮಿಷನರ್ ಸಿಡ್ನಿ ಮಾರ್ಲ್ಯಾಂಡ್ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿಗೆ ಕೊಟ್ಟ ವರದಿಯಲ್ಲಿ ಗಿಫ್ಟೆಡ್ ಮಕ್ಕಳ ವ್ಯಾಖ್ಯೆ ಬಂತು, 1988ರಲ್ಲಿ ಸೆನೆಟರ್ ಜೇಕಬ್ ಜಾವಿಟ್ಸ್ ಹೆಸರಿನ ಕಾಯ್ದೆ ಬಂತು. ಆದರೆ ಆ ಕಾಯ್ದೆ ಕೊಡುವುದು ಸಂಶೋಧನೆಗೂ ಮಾದರಿ ಯೋಜನೆಗಳಿಗೂ ಸಣ್ಣ ಅನುದಾನವೇ ಹೊರತು ನಿಮ್ಮ ಮಗಳ ತರಗತಿಗೆ ಬರುವ ಯಾವ ಸೌಲಭ್ಯವನ್ನೂ ಅಲ್ಲ.

ಹೀಗಾಗಿ ಎಲ್ಲವೂ ರಾಜ್ಯದ ಮೇಲೆ, ಅದರ ಕೆಳಗೆ ಡಿಸ್ಟ್ರಿಕ್ಟ್‌ನ ಮೇಲೆ ನಿಂತಿದೆ. ಪೆನ್ಸಿಲ್ವೇನಿಯಾದಲ್ಲಿ ಗುರುತಿಸಲ್ಪಟ್ಟ ಪ್ರತಿ ಮಗುವಿಗೂ ಬರಹದಲ್ಲಿ ಪ್ರತ್ಯೇಕ ಶಿಕ್ಷಣ ಯೋಜನೆ ಇರಬೇಕೆಂದು ರಾಜ್ಯದ ನಿಯಮವೇ ಹೇಳುತ್ತದೆ. ಒಹಾಯೊದಲ್ಲಿ ಮಕ್ಕಳನ್ನು ಗುರುತಿಸುವುದು ಕಡ್ಡಾಯ, ಗುರುತಿಸಿದ ಮೇಲೆ ಸೇವೆ ಕೊಡುವುದು ಕಡ್ಡಾಯವಲ್ಲ. ಅಂದರೆ ಮನೆಗೆ ಅಭಿನಂದನೆಯ ಪತ್ರ ಬಂದು, ತರಗತಿಯಲ್ಲಿ ಏನೂ ಬದಲಾಗದೆ ಇರಬಹುದು. ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆಂದೇ ಇದ್ದ ಹಣವನ್ನು 2013ರಲ್ಲಿ ಶಾಲೆಗಳ ಸಾಮಾನ್ಯ ಅನುದಾನದಲ್ಲಿ ಸೇರಿಸಿಬಿಟ್ಟರು, ಕಾರ್ಯಕ್ರಮ ನಡೆಸುವುದೂ ಬಿಡುವುದೂ ಡಿಸ್ಟ್ರಿಕ್ಟ್‌ನ ಇಚ್ಛೆಗೆ ಸೇರಿತು. ನೀವು ಯಾವ ರಾಜ್ಯದಲ್ಲಿದ್ದೀರಿ ಎಂದು ಬರೆದಿಲ್ಲ. ರಾಜ್ಯದ ಶಿಕ್ಷಣ ಇಲಾಖೆಯ ನಿಯಮವನ್ನೂ ನಿಮ್ಮ ಡಿಸ್ಟ್ರಿಕ್ಟ್‌ನ ಗಿಫ್ಟೆಡ್ ಯೋಜನೆಯನ್ನೂ ತೆಗೆದು ಓದಿ, ಅಲ್ಲಿ 'ಗುರುತಿಸಬೇಕು' ಎಂದಷ್ಟೇ ಇದೆಯೇ ಅಥವಾ 'ಸೇವೆ ಒದಗಿಸಬೇಕು' ಎಂದೂ ಇದೆಯೇ ಎಂಬುದನ್ನು ನೋಡಿಕೊಳ್ಳಿ. ನೆರೆಯ ರಾಜ್ಯದ ಸ್ನೇಹಿತರ ಅನುಭವ ನಿಮಗೆ ಅನ್ವಯಿಸಬೇಕೆಂದಿಲ್ಲ.

ಈಗ ಅಂಕಗಳ ವಿಚಾರ. ಪರ್ಸೆಂಟೈಲ್ ಎಂದರೆ ನೂರಕ್ಕೆ ಬಂದ ಅಂಕವಲ್ಲ. ಅದೇ ವಯಸ್ಸಿನ ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಅವಳು ಸುಮಾರು 94 ಮಕ್ಕಳಿಗಿಂತ ಮುಂದಿದ್ದಾಳೆ ಎಂದು ಅರ್ಥ. ಕಾಗ್ಯಾಟ್ ವರದಿಯಲ್ಲಿ ಇದರ ಜೊತೆಗೆ ವಯೋಮಾನದ ಅಂಕವೂ ಇರುತ್ತದೆ. ಅದರ ಸರಾಸರಿ 100, ಪ್ರಮಾಣ ವಿಚಲನೆ (ಅಂಕಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಎಂಬ ಅಳತೆ) 16. ಆ ಅಳತೆಯಲ್ಲಿ 94ನೆಯ ಪರ್ಸೆಂಟೈಲ್ ಎಂದರೆ ಹೆಚ್ಚುಕಡಿಮೆ 125, ನಿಮ್ಮ ಡಿಸ್ಟ್ರಿಕ್ಟ್ ಕೇಳುವ 97 ಎಂದರೆ 130. ನಡುವೆ ಇರುವುದು ಐದು ಅಂಕ. ಯಾವ ಪರೀಕ್ಷೆಯ ಅಂಕವೂ ಕರಾರುವಾಕ್ಕಲ್ಲ. ಬಹಳ ಚೆನ್ನಾಗಿ ರೂಪಿಸಿದ, 0.95ರಷ್ಟು ವಿಶ್ವಾಸಾರ್ಹತೆ (ಪೂರ್ಣವಾಗಿದ್ದರೆ 1) ಇರುವ ಪರೀಕ್ಷೆಯಲ್ಲೂ ಒಂದು ಅಂಕಕ್ಕೆ ಮೇಲಕ್ಕೆ ಮೂರೂವರೆ, ಕೆಳಕ್ಕೆ ಮೂರೂವರೆ ಅಂಕದಷ್ಟು ಅನಿಶ್ಚಿತತೆ ಸಹಜ, ಕೆಲವೊಮ್ಮೆ ಅದರ ಇಮ್ಮಡಿ. ಇದೇ ಮಗು ಇನ್ನೊಂದು ದಿನ ಬರೆದಿದ್ದರೆ 120 ಬರಬಹುದಿತ್ತು, 130 ಕೂಡ ಬರಬಹುದಿತ್ತು. ಎಲ್ಲಿಯೋ ಒಂದು ಗೆರೆ ಎಳೆಯಬೇಕಾದ್ದು ಆಡಳಿತಕ್ಕೆ ಅನಿವಾರ್ಯ ಎಂಬುದನ್ನು ಒಪ್ಪುತ್ತೇನೆ, ಆದರೆ ಆ ಗೆರೆಯ ಈಚೆಗಿರುವ ಮಗುವಿಗೂ ಆಚೆಗಿರುವ ಮಗುವಿಗೂ ಸ್ವಭಾವದಲ್ಲೇ ಭೇದವಿದೆ ಎಂದು ಯಾರಾದರೂ ಹೇಳಿದರೆ ಒಪ್ಪಲಾರೆ. ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಲೂಯಿಸ್ ಟರ್ಮನ್ 1921ರಲ್ಲಿ ಕ್ಯಾಲಿಫೋರ್ನಿಯಾದ ಪ್ರತಿಭಾವಂತ ಮಕ್ಕಳ ಹೆಸರಾಂತ ಅಧ್ಯಯನವನ್ನು ಆರಂಭಿಸಿದಾಗ ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಆಲ್ವರೆಜ್ ಎಂಬ ಇಬ್ಬರು ಹುಡುಗರು ಅದರ ಐಕ್ಯೂ ಗೆರೆಯನ್ನು ದಾಟಲಿಲ್ಲ. ಮುಂದೆ ಒಬ್ಬರಿಗೆ 1956ರಲ್ಲಿ, ಇನ್ನೊಬ್ಬರಿಗೆ 1968ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು.

ಒಟ್ಟಾರೆ ಅಂಕಕ್ಕಿಂತ ನಿಮ್ಮ ಮಗಳ ಮೂರು ಬಿಡಿ ಅಂಕಗಳು ಹೆಚ್ಚು ಹೇಳುತ್ತವೆ. ವರದಿಯಲ್ಲಿ ಒಂದು ಅಂಕಿ ಮತ್ತು ಒಂದು ಇಂಗ್ಲಿಷ್ ಅಕ್ಷರ ಜೊತೆಯಾಗಿ ಅಚ್ಚಾಗಿರುತ್ತವೆ, ಹುಡುಕಿ. 'ಎ' ಇದ್ದರೆ ಮೂರೂ ಭಾಗಗಳು ಸಮಸಮ ಇವೆ ಎಂದು, 'ಬಿ' ಇದ್ದರೆ ಒಂದು ಭಾಗ ಮಿಕ್ಕ ಎರಡರಿಂದ ಬೇರೆಯಾಗಿ ನಿಂತಿದೆ ಎಂದು, 'ಸಿ' ಇದ್ದರೆ ಒಂದು ಗಟ್ಟಿ, ಒಂದು ಅದಕ್ಕೆ ಹೋಲಿಸಿದರೆ ಸಡಿಲ ಎಂದು, 'ಇ' ಇದ್ದರೆ ಅಂತರ ಬಹಳ ದೊಡ್ಡದು ಎಂದು ತಿಳಿಯಬೇಕು. ಗಣಿತದಲ್ಲಿ 98, ಭಾಷೆಯಲ್ಲಿ 81 ಬಂದಿರುವ ನಿಮ್ಮ ಮಗಳ ವರದಿಯಲ್ಲಿ 'ಎ' ಇರಲಾರದು. ಇಂಥ ಮಗುವಿನ ವಿಷಯದಲ್ಲಿ ಮೂರನ್ನೂ ಕೂಡಿಸಿ ಒಂದು ಅಂಕ ಮಾಡಿದಾಗ ಮುಖ್ಯ ಸಂಗತಿಯೇ ಮರೆಯಾಗುತ್ತದೆ: ಗಣಿತದ ಮಟ್ಟಿಗೆ ಅವಳು ನಿಮ್ಮ ಡಿಸ್ಟ್ರಿಕ್ಟ್ ಕೇಳುವ ಗೆರೆಯನ್ನು ಆಗಲೇ ದಾಟಿದ್ದಾಳೆ. ಭಾಷೆಯ 81ನ್ನು ಕೊರತೆಯೆಂದು ಎಣಿಸಬೇಡಿ. ಐದು ಮಕ್ಕಳಲ್ಲಿ ನಾಲ್ವರಿಗಿಂತ ಅವಳು ಅಲ್ಲಿಯೂ ಮುಂದಿದ್ದಾಳೆ. ಜೊತೆಗೆ ಎರಡನೆಯ ತರಗತಿಯ ಕಾಗ್ಯಾಟ್‌ನಲ್ಲಿ ಭಾಷೆಯ ಭಾಗ ಹೆಚ್ಚಾಗಿ ಚಿತ್ರಗಳನ್ನು ನೋಡಿ ಸಂಬಂಧ ಗುರುತಿಸುವ ಪ್ರಶ್ನೆಗಳಿಂದಲೂ ಶಿಕ್ಷಕರು ಓದಿ ಹೇಳುವ ವಾಕ್ಯಗಳಿಂದಲೂ ಕೂಡಿರುತ್ತದೆ. ಮನೆಯ ವಸ್ತುಗಳ ಹೆಸರನ್ನು ಮೊದಲು ಕನ್ನಡದಲ್ಲಿ ಕಲಿತ ಮಗುವಿಗೆ ಅಲ್ಲಿ ಒಂದೆರಡು ಪ್ರಶ್ನೆ ತಪ್ಪುವುದು ದೊಡ್ಡ ವಿಷಯವಲ್ಲ. ಓದಿನಲ್ಲಿ ತೊಡಕು, ಅಕ್ಷರ ತಿರುವುಮುರುವು, ಬರೆಯಲು ವಿಪರೀತ ಹಿಂಜರಿಕೆ ಇಂಥವು ಕಾಣುತ್ತಿದ್ದರೆ ಮಾತ್ರ ಬೇರೆ ಮಾತು. ಪ್ರತಿಭೆಯೂ ಡಿಸ್ಲೆಕ್ಸಿಯಾದಂಥ ಕಲಿಕಾ ತೊಂದರೆಯೂ ಒಂದೇ ಮಗುವಿನಲ್ಲಿ ಇರುವುದುಂಟು, ಒಂದು ಇನ್ನೊಂದನ್ನು ಮುಚ್ಚಿಡುವುದರಿಂದ ಎರಡೂ ಶಾಲೆಯ ಕಣ್ಣಿಗೆ ಬೀಳದೆ ಹೋಗುತ್ತವೆ. ಆ ಸಂದೇಹವಿದ್ದರೆ ಶಾಲೆಯ ಖರ್ಚಿನಲ್ಲೇ ಮೌಲ್ಯಮಾಪನ ನಡೆಸುವಂತೆ ಬರಹದಲ್ಲಿ ಕೇಳಿ.

ಮೇಲ್ಮನವಿ ಸಲ್ಲಿಸಿ ಎಂದೇ ಹೇಳುತ್ತೇನೆ. ಗಡುವು ಕೆಲವೇ ವಾರಗಳದ್ದಾಗಿರಬಹುದು, ತಡ ಮಾಡಬೇಡಿ. ಆದರೆ ಅದರಲ್ಲಿ 'ನಮ್ಮ ಮಗಳು ಬಹಳ ಚುರುಕು' ಎಂದು ಬರೆಯುವುದರಿಂದ ಪ್ರಯೋಜನವಿಲ್ಲ. ಗಣಿತದ ಭಾಗದ 98ನ್ನು ಎದುರಿಗಿಡಿ. ವಯಸ್ಸಿನ ಹೋಲಿಕೆಯನ್ನು ಬಳಸಿದ್ದಾರೋ ತರಗತಿಯ ಹೋಲಿಕೆಯನ್ನೋ ಎಂದು ಕೇಳಿ, ತರಗತಿಯಲ್ಲಿ ಕಿರಿಯ ವಯಸ್ಸಿನವಳಾಗಿದ್ದರೆ ಇದರಿಂದ ವ್ಯತ್ಯಾಸವಾಗುತ್ತದೆ. ಒಂದೇ ವಿಷಯದಲ್ಲಿ ಮುಂದಿರುವ ಮಕ್ಕಳಿಗೆ ಬೇರೆ ದಾರಿ ಇದೆಯೇ ಎಂದು ಕೇಳಿ. ಮ್ಯಾಪ್ ಎಂಬ ಪರೀಕ್ಷೆಯನ್ನು ಶಾಲೆ ನಡೆಸುತ್ತಿದ್ದರೆ ಅದರ ಗಣಿತದ ಅಂಕಗಳನ್ನು ಲಗತ್ತಿಸಿ. ಮಗು ಸರಿಯಾಗಿ ಉತ್ತರಿಸಿದಷ್ಟೂ ಕಂಪ್ಯೂಟರ್ ಮುಂದಿನ ಪ್ರಶ್ನೆಯನ್ನು ಕಠಿಣಗೊಳಿಸುತ್ತಾ ಹೋಗುವುದರಿಂದ, ಎರಡನೆಯ ತರಗತಿಯ ಮಿತಿಯ ಆಚೆ ಅವಳಿಗೆ ಏನು ಗೊತ್ತು ಎಂಬುದಕ್ಕೆ ಅದು ಒಳ್ಳೆಯ ಸಾಕ್ಷಿ. ಮಗುವಿನ ಎಲ್ಲ ಶೈಕ್ಷಣಿಕ ದಾಖಲೆಗಳನ್ನು ನೋಡುವ ಹಕ್ಕನ್ನು 1974ರ ಫೆಡರಲ್ ಕಾನೂನು ತಂದೆತಾಯಿಗೆ ಕೊಟ್ಟಿದೆ. ಕೇಳಿದ 45 ದಿನಗಳ ಒಳಗೆ ಶಾಲೆ ತೋರಿಸಬೇಕು. ಇದು ಜಗಳದ ಮಾತಲ್ಲ, ಸೌಜನ್ಯದಿಂದ ಒಂದು ಮಿಂಚಂಚೆ ಬರೆದರೆ ಸಾಕು.

ಖಾಸಗಿ ಮನಶ್ಶಾಸ್ತ್ರಜ್ಞರಿಂದ ಐಕ್ಯೂ ಪರೀಕ್ಷೆ ಮಾಡಿಸಲು ನೂರಾರು ಡಾಲರ್ ಖರ್ಚಾಗುತ್ತದೆ. ಹೊರಗಿನ ವರದಿಯನ್ನು ಒಪ್ಪುತ್ತೇವೆಂದು ನಿಮ್ಮ ಡಿಸ್ಟ್ರಿಕ್ಟ್ ಬರಹದಲ್ಲಿ ಹೇಳುವವರೆಗೂ ಆ ಹಣ ಖರ್ಚು ಮಾಡಬೇಡಿ. ಎಷ್ಟೋ ಡಿಸ್ಟ್ರಿಕ್ಟ್‌ಗಳು ಒಪ್ಪುವುದಿಲ್ಲ. ಒಪ್ಪುವ ಕಡೆಗಳಲ್ಲಿ ಹಣವಿರುವ ಮನೆಗಳಿಗೆ ಎರಡನೆಯ ಬಾಗಿಲು ತೆರೆದಂತಾಗುತ್ತದೆ ಎಂಬ ಆಕ್ಷೇಪವೂ ಇದೆ, ಅದು ನ್ಯಾಯವಾದ ಆಕ್ಷೇಪ.

ಕೋಚಿಂಗ್ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಪ್ರಶ್ನೆಗಳ ಸ್ವರೂಪ ಹೇಗಿರುತ್ತದೆ, ಉತ್ತರವನ್ನು ಹೇಗೆ ಗುರುತು ಮಾಡಬೇಕು ಎಂಬುದನ್ನು ಮುಂಚೆಯೇ ಒಮ್ಮೆ ತೋರಿಸುವುದು ತಪ್ಪಲ್ಲ. ಕಾಗ್ಯಾಟ್ ರೂಪಿಸಿದವರೇ ಎಲ್ಲ ಮಕ್ಕಳಿಗೂ ಅಂಥ ಅಭ್ಯಾಸ ಆಗಲಿ ಎಂದು ಶಾಲೆಗಳಿಗೆ ಸಾಮಗ್ರಿ ಕೊಡುತ್ತಾರೆ. ಆದರೆ ತಿಂಗಳುಗಟ್ಟಲೆ ಆಕೃತಿಗಳ ಸರಣಿ ಬಿಡಿಸುತ್ತಾ ಕೂತ ಮಗು ಕಲಿಯುವುದು ಆಕೃತಿಗಳ ಸರಣಿ ಬಿಡಿಸುವುದನ್ನೇ. ಆ ಪರೀಕ್ಷೆ ಅಳೆಯಲು ಹೊರಟಿದ್ದ ತರ್ಕಶಕ್ತಿ ಅದರಿಂದ ಬೆಳೆಯುವುದಿಲ್ಲ, ಅಂಕ ಮಾತ್ರ ಬೆಳೆಯುತ್ತದೆ, ಮತ್ತು ಅಳತೆ ಕೆಟ್ಟುಹೋಗುತ್ತದೆ. ನ್ಯೂಯಾರ್ಕ್ ನಗರದಲ್ಲಿ ನಾಲ್ಕು ವರ್ಷದ ಮಕ್ಕಳಿಗೆ ನಡೆಸುತ್ತಿದ್ದ ಗಿಫ್ಟೆಡ್ ಪ್ರವೇಶ ಪರೀಕ್ಷೆಯ ಸುತ್ತ ದೊಡ್ಡ ಕೋಚಿಂಗ್ ವ್ಯಾಪಾರವೇ ಬೆಳೆದಿತ್ತು; ಬಹುಕಾಲದ ವಿವಾದದ ನಂತರ 2021ರಲ್ಲಿ ಆ ಪರೀಕ್ಷೆಯನ್ನು ಕೈಬಿಟ್ಟರು. ನಿಮ್ಮ ಪರಿಚಯದವರನ್ನು ದೂಷಿಸುತ್ತಿಲ್ಲ, ಮಕ್ಕಳಿಗೆ ಒಳ್ಳೆಯದಾಗಲಿ ಎಂದೇ ಅವರೂ ಮಾಡಿರುತ್ತಾರೆ. ಆದರೆ ನಿಮ್ಮ ಮಗಳಿಗೆ ಈಗ ಇರುವ ತೊಂದರೆ, ಗೊತ್ತಿರುವುದನ್ನೇ ಮತ್ತೆ ಮತ್ತೆ ಮಾಡಿಸುತ್ತಾರೆ ಎಂಬುದು. ಅದಕ್ಕೆ ಮದ್ದು ಮನೆಯಲ್ಲೂ ಇನ್ನೊಂದು ಹಾಳೆ ಅಲ್ಲ.

ಕಾರ್ಯಕ್ರಮದಲ್ಲಿ ಸ್ಥಾನ ಸಿಕ್ಕಿದ್ದರೆ ಏನು ಸಿಗುತ್ತಿತ್ತು ಎಂಬುದನ್ನು ವಿಚಾರಿಸಿದ್ದೀರಾ? ಗಿಫ್ಟೆಡ್ ಸೇವೆ ಎಂಬ ಒಂದೇ ಹೆಸರಿನಡಿ ಬಹಳ ಬೇರೆ ಬೇರೆ ಏರ್ಪಾಟುಗಳು ನಡೆಯುತ್ತವೆ. ಕೆಲವೆಡೆ ಪೂರ್ತಿ ಪ್ರತ್ಯೇಕ ತರಗತಿ ಇರುತ್ತದೆ. ಕೆಲವೆಡೆ ಐದರಿಂದ ಎಂಟು ಮಕ್ಕಳನ್ನು ಒಂದೇ ಸೆಕ್ಷನ್‌ಗೆ ಸೇರಿಸಿ, ತರಬೇತಿ ಪಡೆದ ಶಿಕ್ಷಕರಿಗೆ ಒಪ್ಪಿಸುತ್ತಾರೆ. ಬಹಳ ಕಡೆ ಇರುವುದು ವಾರಕ್ಕೊಮ್ಮೆ ಒಂದು ತಾಸು ಮಕ್ಕಳನ್ನು ಹೊರಗೆ ಕರೆದೊಯ್ಯುವ ಪದ್ಧತಿ: ಒಗಟು ಬಿಡಿಸುತ್ತಾರೆ, ಸೇತುವೆಯ ಮಾದರಿ ಕಟ್ಟುತ್ತಾರೆ, ಮಕ್ಕಳು ನಲಿಯುತ್ತಾರೆ. ಅದು ಕೆಟ್ಟದ್ದಲ್ಲ, ತನ್ನಂತೆ ಯೋಚಿಸುವ ಮಕ್ಕಳ ಸಂಗ ದೊರೆಯುವುದೇ ಕೆಲವರಿಗೆ ದೊಡ್ಡ ಲಾಭ. ಆದರೆ ವಾರದ ಉಳಿದ ಹೊತ್ತಿನಲ್ಲಿ ಗಣಿತದ ಪಾಠ ಮೊದಲಿನಂತೆಯೇ ನಡೆಯುತ್ತಿರುತ್ತದೆ, ಎರಡನೆಯ ಹಾಳೆ ಬರುತ್ತಲೇ ಇರುತ್ತದೆ. ಗಣಿತದಲ್ಲಿ ಹಸಿದಿರುವ ಮಗುವಿಗೆ ಗುರುವಾರ ಮಧ್ಯಾಹ್ನದ ಆ ಒಂದು ತಾಸು ಸಾಲದು.

ಇಲ್ಲಿ ಫ್ಲಾರಿಡಾದ ಬ್ರೋವರ್ಡ್ ಕೌಂಟಿಯ ಅನುಭವ ಹೇಳಬೇಕು, ಏಕೆಂದರೆ ಅಂಕದ ಗೆರೆ ಮತ್ತು ಸೇವೆ ಎರಡರ ಬಗ್ಗೆಯೂ ಅದರಿಂದ ಬಹಳ ಕಲಿಯಬಹುದು. ಅಲ್ಲಿ ಗಿಫ್ಟೆಡ್ ಎನಿಸಿಕೊಳ್ಳಲು ಐಕ್ಯೂ 130 ಇರಬೇಕಿತ್ತು. ಬಡ ಮಕ್ಕಳಿಗೂ ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳಿಗೂ ಈ ಗೆರೆ 116 ಆಗಿತ್ತು. 2005ಕ್ಕೆ ಮುಂಚೆ ಶಿಕ್ಷಕರು ಅಥವಾ ತಂದೆತಾಯಿ ಶಿಫಾರಸು ಮಾಡಿದ ಮಕ್ಕಳಿಗಷ್ಟೇ ಪರೀಕ್ಷೆ ನಡೆಯುತ್ತಿತ್ತು. ಆ ವರ್ಷದಿಂದ ಎರಡನೆಯ ತರಗತಿಯ ಎಲ್ಲರನ್ನೂ ಭಾಷೆ ಬೇಡದ ಒಂದು ಸಣ್ಣ ಪರೀಕ್ಷೆಗೆ ಕೂರಿಸಲು ಆರಂಭಿಸಿದರು. ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಲಾರಾ ಜೂಲಿಯಾನೊ ಇದರ ಫಲವನ್ನು ಅಧ್ಯಯನ ಮಾಡಿ 2016ರಲ್ಲಿ ಪ್ರಕಟಿಸಿದರು: ಐಕ್ಯೂ ಗೆರೆಯನ್ನು ಕೊಂಚವೂ ಇಳಿಸದೆಯೇ ಕಪ್ಪು, ಹಿಸ್ಪಾನಿಕ್ (ಸ್ಪ್ಯಾನಿಷ್ ಭಾಷಿಕ ನಾಡುಗಳ ಮೂಲದ) ಮತ್ತು ಬಡ ಮಕ್ಕಳ ಸಂಖ್ಯೆ ಗಣನೀಯವಾಗಿ ಏರಿತು. ಅಂದರೆ ಆ ಮಕ್ಕಳು ಮೊದಲಿನಿಂದಲೂ ಇದ್ದರು, ಯಾರೂ ಅವರ ಹೆಸರನ್ನು ಹೇಳಿರಲಿಲ್ಲ. ಆರ್ಥಿಕ ಮುಗ್ಗಟ್ಟಿನಲ್ಲಿ ಹಣ ಕಡಿತವಾಗಿ ಈ ಪರೀಕ್ಷೆಯನ್ನು ನಿಲ್ಲಿಸಿದಾಗ ಲೆಕ್ಕ ಮತ್ತೆ ಹಳೆಯ ಸ್ಥಿತಿಗೆ ಮರಳಿತು. ನಿಮ್ಮ ಡಿಸ್ಟ್ರಿಕ್ಟ್ ಎಲ್ಲ ಮಕ್ಕಳಿಗೂ ಪರೀಕ್ಷೆ ನಡೆಸುತ್ತಿದೆ ಎಂಬುದು ಅದರ ಬಗ್ಗೆ ಹೇಳಬಹುದಾದ ಒಳ್ಳೆಯ ಮಾತು. ಬಜೆಟ್ ಸಭೆಗಳಲ್ಲಿ ಅದನ್ನು ಕೈಬಿಡುವ ಪ್ರಸ್ತಾಪ ಬಂದರೆ ದಯವಿಟ್ಟು ಹೋಗಿ ವಿರೋಧಿಸಿ.

ಅದೇ ಕೌಂಟಿಯಲ್ಲಿ ಇನ್ನೊಂದು ಏರ್ಪಾಟೂ ಇತ್ತು. ಶಾಲೆಯ ನಾಲ್ಕನೆಯ ತರಗತಿಯಲ್ಲಿ ಒಬ್ಬನೇ ಗಿಫ್ಟೆಡ್ ಮಗು ಇದ್ದರೂ ಪ್ರತ್ಯೇಕ ಸೆಕ್ಷನ್ ತೆರೆಯಬೇಕಿತ್ತು. ಉಳಿದ ಸೀಟುಗಳನ್ನು ಹಿಂದಿನ ವರ್ಷದ ಪರೀಕ್ಷೆಯಲ್ಲಿ ಹೆಚ್ಚು ಅಂಕ ತೆಗೆದ, ಆದರೆ ಐಕ್ಯೂ ಗೆರೆ ದಾಟದ ಮಕ್ಕಳಿಗೆ ಕೊಡುತ್ತಿದ್ದರು. ಫಲ ಯಾರಿಗೆ ಸಿಕ್ಕಿತು ಎಂದು ನೋಡಿದರೆ, 130ರ ಗೆರೆ ದಾಟಿ ಬಂದ ಮಕ್ಕಳ ಓದು ಮತ್ತು ಗಣಿತದ ಅಂಕಗಳಲ್ಲಿ ಹೇಳಿಕೊಳ್ಳುವಂಥ ಏರಿಕೆ ಕಾಣಲಿಲ್ಲ, ಸಾಧನೆಯ ಆಧಾರದ ಮೇಲೆ ಬಂದ ಮಕ್ಕಳಲ್ಲಿ ಕಂಡಿತು, ಅದರಲ್ಲೂ ಕಪ್ಪು ಮತ್ತು ಹಿಸ್ಪಾನಿಕ್ ಮಕ್ಕಳಲ್ಲಿ ಚೆನ್ನಾಗಿಯೇ ಕಂಡಿತು. ಇದನ್ನು ನೇರವಾಗಿ ನಿಮ್ಮ ಮಗಳಿಗೆ ಹೊಂದಿಸಿ ಹೇಳಲು ಹೋಗುವುದಿಲ್ಲ. ಆದರೆ ಗಣಿತದ ಸೇವೆಗೆ ಗಣಿತದ ಸಾಧನೆಯೇ ಮಾನದಂಡ ಆಗಬೇಕು, ಮೂರು ಸಾಮರ್ಥ್ಯಗಳನ್ನು ಬೆರೆಸಿದ ಒಂದು ಅಂಕ ಆಗಬಾರದು ಎಂಬ ನನ್ನ ನಂಬಿಕೆಗೆ ಇದು ಬಲ ಕೊಟ್ಟಿದೆ.

ಹಾಗಾದರೆ ಶಿಕ್ಷಕರನ್ನು ಏನು ಕೇಳಬೇಕು? ಹೊಸ ಪಾಠ ಶುರುವಾಗುವ ಮುಂಚೆ ಅದರ ಕೊನೆಯ ಪರೀಕ್ಷೆಯನ್ನೇ ಮಗಳಿಗೆ ಕೊಟ್ಟು, ಆಗಲೇ ಗೊತ್ತಿರುವ ಭಾಗವನ್ನು ಬಿಟ್ಟು, ಉಳಿದ ಸಮಯಕ್ಕೆ ಬೇರೆ ಕೆಲಸ ಕೊಡಲು ಸಾಧ್ಯವೇ ಎಂದು ಕೇಳಿ. ಪಠ್ಯವನ್ನು ಹೀಗೆ ಅಡಕಗೊಳಿಸುವ ವಿಧಾನವನ್ನು ಕನೆಕ್ಟಿಕಟ್ ವಿಶ್ವವಿದ್ಯಾಲಯದ ಜೋಸೆಫ್ ರೆನ್ಜುಲಿ ರೂಪಿಸಿದರು. ಅವರ ಸಹೋದ್ಯೋಗಿ ಸ್ಯಾಲಿ ರೈಸ್ ಮತ್ತು ತಂಡದವರು 1990ರ ದಶಕದ ಆರಂಭದಲ್ಲಿ ನಡೆಸಿದ ಅಧ್ಯಯನದಲ್ಲಿ, ಇಂಥ ಮಕ್ಕಳಿಗೆ ಕೆಲವು ವಿಷಯಗಳಲ್ಲಿ ಪಠ್ಯದ ಶೇಕಡ 40ರಿಂದ 50ರಷ್ಟನ್ನು ಬಿಟ್ಟುಬಿಟ್ಟರೂ ವರ್ಷದ ಕೊನೆಯ ಅಂಕಗಳು ಇಳಿಯಲಿಲ್ಲ. ಮೂವತ್ತು ಮಕ್ಕಳನ್ನು ನೋಡಿಕೊಳ್ಳುವ ಶಿಕ್ಷಕರಿಗೆ ಇದು ಹೆಚ್ಚಿನ ಕೆಲಸ ಎಂಬುದನ್ನು ಮರೆಯಬಾರದು. ಆದ್ದರಿಂದ ಇನ್ನೂ ಹಗುರವಾದ ಒಂದು ಕ್ರಮದಿಂದ ಆರಂಭಿಸಲು ಕೇಳಬಹುದು. ಇಪ್ಪತ್ತು ಲೆಕ್ಕಗಳ ಹಾಳೆಯಲ್ಲಿ ಕಠಿಣವಾದ ಐದಕ್ಕೆ ಶಿಕ್ಷಕರು ನಕ್ಷತ್ರದ ಗುರುತು ಹಾಕುತ್ತಾರೆ. ಬೇಕಾದವರು ಯಾರೇ ಆಗಲಿ ಆ ಐದನ್ನೇ ಮೊದಲು ಮಾಡಬಹುದು. ನಾಲ್ಕು ಸರಿಯಾಗಿದ್ದರೆ ಆ ದಿನದ ಹಾಳೆ ಮುಗಿಯಿತು, ಉಳಿದ ಹದಿನೈದು ಮಾಡಬೇಕಾಗಿಲ್ಲ. ಇದಕ್ಕೆ ಪಟ್ಟಿ ಬೇಡ, ಪರೀಕ್ಷೆ ಬೇಡ, ಹಣ ಬೇಡ, ಯಾವ ಮಗುವನ್ನೂ ಬೇರೆ ಮಾಡಿದಂತೆ ಆಗುವುದಿಲ್ಲ. ಬೇಗ ಮುಗಿಸಿದರೆ ಶಿಕ್ಷೆ ಎಂದು ಕಲಿತ ಮಗುವಿಗೆ ಬೇಗ ಕಲಿತರೆ ಬಿಡುವು ಎಂಬುದು ಮನದಟ್ಟಾಗುತ್ತದೆ.

ಆ ಬಿಡುವಿನಲ್ಲಿ ಏನು ಮಾಡಬೇಕು ಎಂಬುದೇ ನಿಜವಾಗಿ ಯೋಚಿಸಬೇಕಾದ ಪ್ರಶ್ನೆ. ಮುಂದಿನ ತರಗತಿಯ ಪುಸ್ತಕದ ಹಾಳೆಗಳನ್ನು ಕೊಟ್ಟರೆ ಆ ವರ್ಷಕ್ಕೆ ಸರಿ, ಮುಂದಿನ ವರ್ಷ ಮತ್ತೆ ಇದೇ ತೊಂದರೆ. ಅದಕ್ಕಿಂತ, ಕಲಿತದ್ದರೊಳಗೇ ಆಳಕ್ಕೆ ಇಳಿಸುವ ಪ್ರಶ್ನೆ ಒಳ್ಳೆಯದು. ಎರಡನೆಯ ತರಗತಿಯಲ್ಲಿ ಮೂರಂಕಿಯ ಕಳೆಯುವ ಲೆಕ್ಕ ಬರುತ್ತದೆ. ಯಾವುದಾದರೂ ಮೂರಂಕಿಯ ಸಂಖ್ಯೆ ತೆಗೆದುಕೊಂಡು, ತಿರುವಿ ಬರೆದು, ದೊಡ್ಡದರಿಂದ ಚಿಕ್ಕದನ್ನು ಕಳೆಯಲು ಹೇಳಿ: 752ರಲ್ಲಿ 257 ಕಳೆದರೆ 495. 831ರಲ್ಲಿ 138 ಕಳೆದರೆ 693. ಮೊದಲ ಮತ್ತು ಕೊನೆಯ ಅಂಕಿಗಳು ಒಂದೇ ಆಗಿರದಿದ್ದರೆ ಸಾಕು, ನಡುವೆ ಯಾವಾಗಲೂ 9 ಬರುತ್ತದೆ, ಅಕ್ಕಪಕ್ಕದ ಎರಡನ್ನು ಕೂಡಿದರೂ 9 ಆಗುತ್ತದೆ. ಉತ್ತರ 99 ಬಂದಾಗ ಅದನ್ನು 099 ಎಂದು ಬರೆದುಕೊಂಡರೆ ಅದೂ ಸರಿಹೋಗುತ್ತದೆ. ಏಕೆ ಹೀಗೆ? ಹತ್ತಿಪ್ಪತ್ತು ಸಲ ಕಳೆಯುವ ಲೆಕ್ಕ ಮಾಡದೆ ಮಗು ಇದನ್ನು ಕಂಡುಕೊಳ್ಳುವುದಿಲ್ಲ; ಅಂದರೆ ಶಿಕ್ಷಕರಿಗೆ ಬೇಕಾದ ಅಭ್ಯಾಸವೂ ಆಗುತ್ತದೆ, ಮಗುವಿನ ಬುದ್ಧಿಗೆ ಬೇಕಾದ ಕುತೂಹಲವೂ ಸಿಗುತ್ತದೆ. ಕಾರಣ ಹೊಳೆಯಲು ವಾರ ಹಿಡಿದರೂ ಚಿಂತೆಯಿಲ್ಲ. ತಕ್ಷಣ ಹೊಳೆಯದ ಪ್ರಶ್ನೆಯ ಮುಂದೆ ತಾಳ್ಮೆಯಿಂದ ಕೂರುವುದನ್ನು ಎಲ್ಲವೂ ಸುಲಭವಾಗಿ ಬರುವ ಮಕ್ಕಳು ಚಿಕ್ಕಂದಿನಲ್ಲಿ ಕಲಿಯದೆ ಹೋಗುತ್ತಾರೆ, ಮೊದಲ ನಿಜವಾದ ಕಷ್ಟ ಹೈಸ್ಕೂಲಿನಲ್ಲೋ ಕಾಲೇಜಿನಲ್ಲೋ ಎದುರಾದಾಗ ತಮಗೆ ಬುದ್ಧಿಯೇ ಇಲ್ಲವೆಂದು ಕುಸಿಯುತ್ತಾರೆ.

ಇಷ್ಟರಿಂದ ಸಾಲದಿದ್ದರೆ ಗಣಿತಕ್ಕೆ ಮಾತ್ರ ಒಂದು ತರಗತಿ ಮುಂದೆ ಕೂರಿಸುವ ಕ್ರಮವಿದೆ. ಇದಕ್ಕೆ ಎರಡೂ ತರಗತಿಗಳ ಗಣಿತದ ತಾಸು ಒಂದೇ ಹೊತ್ತಿಗೆ ಬರಬೇಕು, ವೇಳಾಪಟ್ಟಿ ಮಾಡುವುದು ಬೇಸಿಗೆಯಲ್ಲಿ, ಆದ್ದರಿಂದ ವಸಂತದಲ್ಲೇ ಕೇಳಬೇಕು. ಇನ್ನೊಂದು ಪ್ರಶ್ನೆಯನ್ನೂ ಈಗಲೇ ಕೇಳಿ: ಐದನೆಯ ತರಗತಿಗೆ ಬಂದಾಗ ಅವಳಿಗೆ ಆರನೆಯ ತರಗತಿಯ ಗಣಿತ ಬೇಕಾಗುತ್ತದೆ, ಅದು ಬೇರೆ ಕಟ್ಟಡದಲ್ಲಿರುವ ಮಿಡ್ಲ್ ಸ್ಕೂಲಿನಲ್ಲಿ ನಡೆಯುತ್ತಿದ್ದರೆ ಆಗ ಏನು ವ್ಯವಸ್ಥೆ? ಈ ಪ್ರಶ್ನೆಯನ್ನು ಯಾರೂ ಮುಂಚೆ ಕೇಳದ ಕಾರಣ ಅಲ್ಲಿಯವರೆಗೆ ಒಂದು ತರಗತಿ ಮುಂದಿನ ಗಣಿತ ಕಲಿತ ಮಗು ಐದನೆಯ ತರಗತಿಯಲ್ಲಿ ಅದೇ ಗಣಿತವನ್ನು ಮತ್ತೆ ಕಲಿಯಬೇಕಾಗುತ್ತದೆ. ಪೂರ್ತಿ ಒಂದು ತರಗತಿ ಹಾರಿಸುವುದನ್ನು ನಿಮ್ಮ ಮಗಳಿಗೆ ನಾನು ಈಗ ಸೂಚಿಸುವುದಿಲ್ಲ, ಅವಳ ಸಾಮರ್ಥ್ಯಗಳು ಅಷ್ಟು ಸಮವಾಗಿಲ್ಲ. ಆದರೆ ತರಗತಿ ಹಾರಿಸಿದರೆ ಮಗುವಿನ ಮನಸ್ಸಿಗೆ ಹಾನಿ ಎಂಬ ಭಯಕ್ಕೆ ಸಂಶೋಧನೆಯ ಬೆಂಬಲವಿಲ್ಲ ಎಂಬುದನ್ನೂ ಹೇಳಬೇಕು. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಜೂಲಿಯನ್ ಸ್ಟ್ಯಾನ್ಲಿ 1971ರಲ್ಲಿ ಆರಂಭಿಸಿದ ದೀರ್ಘಕಾಲದ ಅಧ್ಯಯನವೂ ಅದರ ನಂತರದ ಅನೇಕ ಅಧ್ಯಯನಗಳೂ, ಸರಿಯಾಗಿ ಆಯ್ದ ಮಕ್ಕಳು ಮುಂದೆ ಹೋದರೆ ಕಲಿಕೆಯಲ್ಲಿ ಗೆಲ್ಲುತ್ತಾರೆ, ಸಂತೋಷದಲ್ಲಿ ಸೋಲುವುದಿಲ್ಲ ಎಂದು ತೋರಿಸಿವೆ. ತರಗತಿ ಹಾರಿಸಬೇಕೇ ಎಂದು ತೀರ್ಮಾನಿಸಲು ಅನೇಕ ಶಾಲೆಗಳು ಬಳಸುವ ಅಯೋವಾ ಮಾಪಕ ಕೂಡ ಇಲ್ಲಿ ವಿವೇಕದಿಂದ ನಡೆಯುತ್ತದೆ: ಮಗುವಿಗೇ ಇಷ್ಟವಿಲ್ಲದಿದ್ದರೆ, ಅಥವಾ ಹಾರಿದ ಮೇಲೆ ಅಣ್ಣನೋ ಅಕ್ಕನೋ ಓದುವ ತರಗತಿಗೇ ಬಂದು ಸೇರುವಂತಿದ್ದರೆ, ಹಾರಿಸಬೇಡಿ ಎನ್ನುತ್ತದೆ.

ಖಾಸಗಿ ಶಾಲೆಯ ಬಗ್ಗೆ ಹೆಚ್ಚು ಹೇಳಲಾರೆ. ಅಲ್ಲಿನ ಶಿಕ್ಷಕರನ್ನೂ ಇದೇ ಪ್ರಶ್ನೆ ಕೇಳಿ: ಗೊತ್ತಿರುವ ಪಾಠವನ್ನು ಮಗಳು ಮತ್ತೆ ಮಾಡಬೇಕಾಗುತ್ತದೆಯೇ? ಉತ್ತರ ಹೌದು ಎಂದಾದರೆ ನೀವು ಶುಲ್ಕ ಕಟ್ಟಿ ಕೊಳ್ಳುವುದು ಅದೇ ಎರಡನೆಯ ಹಾಳೆಯನ್ನೇ.

ಇನ್ನು ನಿಮ್ಮ ಮಗನ ವಿಷಯ. ಅರ್ಜಿಯಲ್ಲಿ ಮನೆಮಾತು ಕನ್ನಡವೆಂದೇ ಬರೆಯಿರಿ. ಇಂಗ್ಲಿಷ್ ಬಾರದ ಮಕ್ಕಳಿಗೆ ನೆರವು ನೀಡುವುದು ಶಾಲೆಗಳ ಕರ್ತವ್ಯ ಎಂದು 1974ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅಂಥ ಮಕ್ಕಳನ್ನು ಗುರುತಿಸಲೆಂದೇ ಆ ನಮೂನೆಯನ್ನು ಕೊಡುತ್ತಾರೆ. ನೀವು ಕನ್ನಡ ಎಂದು ಬರೆದರೆ ಅವನಿಗೆ ಇಂಗ್ಲಿಷಿನ ಒಂದು ಸಣ್ಣ ಪರೀಕ್ಷೆ ನಡೆಯುತ್ತದೆ. ತೇರ್ಗಡೆಯಾದರೆ ವಿಷಯ ಅಲ್ಲಿಗೆ ಮುಗಿಯುತ್ತದೆ. ಆಗದಿದ್ದರೆ ಶುಲ್ಕವಿಲ್ಲದೆ ಭಾಷೆಯ ನೆರವು ಸಿಗುತ್ತದೆ, ಬೇಡವೆನಿಸಿದರೆ ಆ ತರಗತಿಗಳನ್ನು ನಿರಾಕರಿಸುವ ಅವಕಾಶವೂ ನಿಮಗಿದೆ. ಇಂಗ್ಲಿಷ್ ಕಲಿಯುತ್ತಿದ್ದಾನೆ ಎಂಬ ಒಂದೇ ಕಾರಣಕ್ಕೆ ಅವನನ್ನು ಗಿಫ್ಟೆಡ್ ಕಾರ್ಯಕ್ರಮದಿಂದ ಹೊರಗಿಡುವಂತಿಲ್ಲ, ಬ್ರೋವರ್ಡ್‌ನಂಥ ಕಡೆ ಅಂಥ ಮಕ್ಕಳಿಗೆ ಬೇರೆ ಗೆರೆಯೇ ಇತ್ತು. ತಪ್ಪು ಬರೆದರೆ ನಾಳೆ ಅವನ ಭಾಷೆಯ ಅಂಕ ಕಡಿಮೆ ಬಂದಾಗ ಕಾರಣ ಹೇಳಲು ದಾಖಲೆಯೇ ಇರುವುದಿಲ್ಲ. ಮನೆಯಲ್ಲಿ ಕನ್ನಡ ಮಾತನಾಡುವುದನ್ನು ಮುಂದುವರಿಸಿ, ಕಥೆ ಹೇಳಿ, ಕನ್ನಡದಲ್ಲೇ ಲೆಕ್ಕ ಕೇಳಿ. ಯೋಚನೆ ಯಾವ ಭಾಷೆಯಲ್ಲಿ ಬೆಳೆದರೂ ಅದು ಬೆಳವಣಿಗೆಯೇ. ಇಂಗ್ಲಿಷ್ ಪರೀಕ್ಷೆಯ ಫಲಿತಾಂಶದ ಒಂದು ಪ್ರತಿಯನ್ನು ತೆಗೆದಿಟ್ಟುಕೊಳ್ಳಿ, ಮತ್ತು ಅವನ ಸರದಿಯ ಗಿಫ್ಟೆಡ್ ಪರೀಕ್ಷೆ ಯಾವ ತರಗತಿಯಲ್ಲಿ, ಯಾವ ತಿಂಗಳು ನಡೆಯುತ್ತದೆ, ಅದರಲ್ಲಿ ಭಾಷೆ ಬೇಡದ ಭಾಗದ ಅಂಕವನ್ನು ಪ್ರತ್ಯೇಕವಾಗಿ ಪರಿಗಣಿಸುತ್ತಾರೆಯೇ ಎಂದು ದಾಖಲಾತಿಯ ದಿನವೇ ಶಾಲೆಯ ಕಚೇರಿಯಲ್ಲಿ ಕೇಳಿ ಬರೆದುಕೊಳ್ಳಿ.